ಏಳನೆಯ ಹೆಸರು

ಬೈಲಹೊಂಗಲ
ತಾ. 14-11-2005

ಪ್ರೀತಿಯ ಗೆಳತಿ ಗುರುಬಸವ್ವಳಿಗೆ,

ರಾಜೇಶ್ವರಿ ಮಾಡುವ ಶರಣು. ನಾವೆಲ್ಲ ಇಲ್ಲಿ ಆರಾಮ. ಹೂಲಿಯಲ್ಲಿ ನೀನೂ ನಿನ್ನ ಯಜಮಾನರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮೊಣಕಾಲಿನ ಸುದ್ದಿಯನ್ನು ಬೇರೆಯಾಗಿ ಬರೆ, ಅದರ ವಿಷಯದಲ್ಲಿ ನಿನ್ನನ್ನು ನಂಬುವುದಿಲ್ಲ. ಗಣಪತಿ ಹಬ್ಬಕ್ಕೆ ಬಂದ ನಿನ್ನ ಪತ್ರಕ್ಕೆ ದೀಪಾವಳಿ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದಿ ಬೈದುಕೋ.

ಒಂದು ನರ್ಸಿಂಗ್ ಪತ್ರಿಕೆಗೆ ಲೇಖನ ಕಳಿಸುವ ಗಡಿಬಿಡಿಯಲ್ಲಿದ್ದೆ. ನಮ್ಮ ಹಳೆಯ ವಿಷಯವೇ: ತೂಕ ಕಡಿಮೆ ಇರುವ ಕೂಸನ್ನು ತಾಯಿಯ ಎದೆಗೆ ಕಟ್ಟಿ ಬೆಚ್ಚಗಿಡುವುದು. ಲೇಖನ ಒಂದು ತಿಂಗಳಲ್ಲಿ ಮುಗಿಯಿತು. ಯಾರ ಯಾರ ಬರಹ ನೋಡಿ ಬರೆದೆ ಎಂದು ಕೊನೆಯಲ್ಲಿ ಒಂದು ಪಟ್ಟಿ ಕೊಡಬೇಕಲ್ಲ, ಆ ಬಾಲಕ್ಕೆ ಎರಡು ತಿಂಗಳು ಹಿಡಿಯಿತು. ಅಡ್ಡಹೆಸರು ಮೊದಲು, ಆಮೇಲೆ ಹೆಸರಿನ ಮೊದಲ ಅಕ್ಷರ, ಅದರ ಮುಂದೆ ಚುಕ್ಕಿ ಇಡಬಾರದು. ವರ್ಷವಾದ ಮೇಲೆ ಅರ್ಧವಿರಾಮ, ಸಂಪುಟವಾದ ಮೇಲೆ ಕಂಸ. ಇಷ್ಟು ಮಡಿ ನಮ್ಮ ಅಜ್ಜಿಯೂ ಮಾಡುತ್ತಿರಲಿಲ್ಲ. ಒಂದು ನಿಯಮ ಮಾತ್ರ ನನಗೆ ಹಿಡಿಸಿತು. ಅಲ್ಲಿ ಅಕ್ಷರಮಾಲೆಯ ಕ್ರಮವಿಲ್ಲ. ಲೇಖನದಲ್ಲಿ ಯಾರನ್ನು ಮೊದಲು ನೆನೆಯುತ್ತೇವೋ ಅವರಿಗೆ ಒಂದನೆಯ ನಂಬರು.

ನನ್ನ ಜಿಪುಣತನ ನಿನಗೆ ಗೊತ್ತಿದ್ದದ್ದೇ. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಎಸೆಯುವವಳಲ್ಲ. ಒಂದೊಂದರ ಖಾಲಿ ಬೆನ್ನಿಗೆ ಒಂದೊಂದು ಲೇಖನದ ವಿವರ ಬರೆದುಕೊಂಡೆ, ಮೂವತ್ತೆರಡು ಕಾರ್ಡಾದವು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯ ಚಾಪೆಯ ಮೇಲೆ ಅವನ್ನು ಸಾಲಾಗಿ ಹರವಿ, ನಂಬರು ಹಚ್ಚುತ್ತ ಕೂಡುತ್ತಿದ್ದೆ. ಕಾರ್ಡುಗಳಿಗೆ ಇನ್ನೂ ಅರಿಶಿನದ ವಾಸನೆಯಿತ್ತು. ಕಿಟಕಿಯ ಬಿಸಿಲು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ನಿಧಾನ ಸರಿಯುತ್ತಿತ್ತು. ಯಾವ ಯಾವುದೋ ದೇಶದ ದಾದಿಯರು, ಡಾಕ್ಟರುಗಳು, ಮುಖ ನೋಡದ ಮಂದಿ, ನಮ್ಮ ಪಡಸಾಲೆಯಲ್ಲಿ ಪಂಕ್ತಿಗೆ ಕುಳಿತು ಎಲೆಗಾಗಿ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು.

ಒಂದು ದಿನ ಹಾಗೆಯೇ ಕಣ್ಣು ಹತ್ತಿತು. ಹೂಲಿಯ ಹಳೆಯ ಗುಡಿಗಳ ಹಿಂದಿನ ಓಣಿಯಲ್ಲಿ ನೀನು ಹೋಗುತ್ತಿದ್ದಿ, ಹೆಗಲಿಗೆ ಕೂಸು ತೂಗುವ ಆ ಜೋಲಿ. ಬಿಸಿಲು ಹಾಲಿನ ಹಾಗೆ ತೆಳ್ಳಗಿತ್ತು. ನಿನ್ನ ಕಾಲಿನ ಸಪ್ಪಳವಿರಲಿಲ್ಲ, ಕೂಸುಗಳೂ ಅಳುತ್ತಿರಲಿಲ್ಲ. ನಾನು ಹಿಂದೆ ಹಿಂದೆ ಬಂದು ಒಂದೊಂದೇ ಬಾಗಿಲಿಗೆ ನಂಬರು ಬರೆಯುತ್ತಿದ್ದೆ. ಆರನೆಯ ಬಾಗಿಲಿಗೆ ನನ್ನ ಸುಣ್ಣದಕಡ್ಡಿ ತೀರಿತು. ನೀನು ಮಾತ್ರ ಮುಂದೆ ಹೋಗುತ್ತಲೇ ಇದ್ದಿ. ಎದ್ದಾಗ ಕೈಯಲ್ಲಿ ನಿನ್ನ ಮಗಳು ರಾಣಿಯ ಲಗ್ನಪತ್ರಿಕೆ ಇತ್ತು.

ಅದರ ಬೆನ್ನಿಗೆ ನಾನು ಬರೆದುಕೊಂಡಿದ್ದು ನಮ್ಮದೇ 1994ರ ಲೇಖನ. ನಿನ್ನ ಕೆಲಸದ ಲೇಖನಕ್ಕೆ ನಿನ್ನ ಮನೆಯ ಕಾರ್ಡೇ ಇರಲಿ ಎಂದು ಆರಿಸಿದ್ದೆ. ನೂರಾ ಎಂಬತ್ತು ಕೂಸುಗಳನ್ನು ಮನೆಮನೆಗೆ ಹೋಗಿ ತೂಗಿದವಳು ನೀನು. ತಾಯಂದಿರ ಬೆನ್ನಿಗೆ ಕೌದಿ ಹೊದಿಸಿ, ಕೂಸನ್ನು ಎದೆಗೆ ಕಟ್ಟಿ, ಬೈದು, ನಗಿಸಿ, ಒಪ್ಪಿಸಿದವಳೂ ನೀನು. ನಾನು ಮುನವಳ್ಳಿಯ ಆಸ್ಪತ್ರೆಯಲ್ಲಿ ಕುಳಿತು ನಿನ್ನ ಅಂಕಿಗಳನ್ನು ಅಂದವಾಗಿ ಬರೆದೆ, ಅಷ್ಟೆ. ಆದರೆ ಅಚ್ಚಾದಾಗ ಮೊದಲ ಹೆಸರು ನನ್ನದಾಯಿತು, ಕಡೆಯದು, ಏಳನೆಯದು, ನಿನ್ನದು. ನಮ್ಮ ಆಸ್ಪತ್ರೆಯ ಡಾಕ್ಟರು ಹಾಗೆ ಪಟ್ಟಿ ಮಾಡಿದರೆಂದು ಅಂದು ನಿನಗೆ ಹೇಳಿದ್ದೆ.

ಈ ಸಲ ಹೊಸ ಲೇಖನದ ಮೊದಲ ಸಾಲಿನಲ್ಲೇ ಆ ಕೆಲಸವನ್ನು ನೆನೆದಿದ್ದೇನೆ. ಅದಕ್ಕೇ ಒಂದನೆಯ ನಂಬರು. ಖುಷಿಯಿಂದ ಕಾರ್ಡುಗಳ ಕಟ್ಟನ್ನು ಸತ್ಯಪ್ಪನವರ ಪ್ರೆಸ್ಸಿಗೆ ಒಯ್ದೆ. ಅವರು ಅರವತ್ತು ದಾಟಿದ ಮನುಷ್ಯರು, ಲಗ್ನಪತ್ರಿಕೆ ಅಚ್ಚು ಹಾಕುತ್ತಾರೆ, ಈಗ ಕಂಪ್ಯೂಟರಿನಲ್ಲಿ ಟೈಪೂ ಮಾಡಿಕೊಡುತ್ತಾರೆ. ನಿಯಮದ ಹಾಳೆ ಓದಿ ಹೇಳುತ್ತ ಹೋದೆ. ಆರಕ್ಕಿಂತ ಹೆಚ್ಚು ಹೆಸರಿದ್ದರೆ ಮೊದಲ ಆರು ಬರೆದು, ಮುಂದೆ ‘ಮತ್ತು ಇತರರು’ ಎಂದು ಹಾಕಬೇಕು ಅನ್ನುವಲ್ಲಿಗೆ ಬಂದು ನಿಂತುಬಿಟ್ಟೆ. ಒಂದನೆಯ ನಂಬರಿನಲ್ಲಿಯೇ ನೀನು ಕಾಣದಂತಾಗುತ್ತಿದ್ದಿ. ಇನ್ನು ಮುಂದೆ ಯಾರು ನಮ್ಮ ಲೇಖನವನ್ನು ನೆನೆದರೂ ಹೀಗೆಯೇ ಬರೆಯುತ್ತಾರೆ, ನಿನ್ನ ಹೆಸರು ಎಲ್ಲಿಯೂ ಉಳಿಯುವುದಿಲ್ಲ.

ಸತ್ಯಪ್ಪನವರು ನಕ್ಕರು.

“ಬಾಯಾರ, ಲಗ್ನಪತ್ರಿಕ್ಯಾಗ ನಾ ಹಿಂಗ ಇತರರು ಅಂತ ಹಾಕಿದ್ರ, ಏಳನೇದಾಂವ ಬಂದು ನನ್ನ ಪ್ರೆಸ್ಸಿನ ಬಾಗಲದಾಗ ಕುಂದ್ರತಾನ್ರಿ.”

ಅಂದವರು ಕಾರ್ಡನ್ನು ಹೊರಳಿಸಿ ಮುಂಬದಿ ನೋಡಿದರು. ಇದು ತಾವೇ ಅಚ್ಚು ಹಾಕಿದ್ದು, ಹುಡುಗಿಯ ತಾಯಿ ಹೂಲಿಯಿಂದ ಎರಡು ಸಲ ಬಂದು ತಿದ್ದಿಸಿದಳು, ಅದಕ್ಕೇ ನೆನಪಿದೆ ಎಂದರು. “ಜಾಗಾ ಇಲ್ಲರೀ ಅಂದ್ರ, ನನ್ನ ಹೆಸರ ಬೇಕಾದ್ರ ಸಣ್ಣ ಅಕ್ಷರದಾಗ ಹಾಕ್ರಿ, ಆಕಿ ಹೆಸರ ಮಾತ್ರ ಬಿಡಬ್ಯಾಡ್ರಿ, ಆಕಿ ನಮ್ಮ ಮನಿ ಮಗಳು ಅಂದ್ಲು. ರಾಜೇಶ್ವರಿ ಅಂದ್ರ ನೀವಾ ಏನ್ರಿ?”

ಗುರುಬಸವ್ವ, ಎರಡು ವರ್ಷ ಆ ಕಾರ್ಡು ನನ್ನ ಮನೆಯಲ್ಲಿತ್ತು. ಮದುಮಕ್ಕಳ ಹೆಸರು, ಮುಹೂರ್ತ ನೋಡಿ ಎತ್ತಿಟ್ಟಿದ್ದೆ. ಕೆಳಗಿನ ಸಾಲು ಓದಿರಲೇ ಇಲ್ಲ. ಚಿಕ್ಕಮ್ಮಂದಿರ ಸಾಲಿನಲ್ಲಿ ನಿನ್ನ ಒಡಹುಟ್ಟಿದ ತಂಗಿಯರಾದ ತಂಗೆವ್ವ, ರಾಚವ್ವರಿಗಿಂತ ಮೊದಲು ನನ್ನ ಹೆಸರು! ಮದುವೆಯಾದದ್ದು ಇದೇ ಊರಲ್ಲಿ, ನಮ್ಮ ಮನೆಯಿಂದ ಮೂರು ಓಣಿ ಆಚೆ. ನರ್ಸಿಂಗ್ ಶಾಲೆಯಲ್ಲಿ ಪರೀಕ್ಷೆಯ ಕೆಲಸವಿದೆಯೆಂದು ನಾನು ಹೇಳಿ ಕಳಿಸಿದ್ದೆ. ಊದಿದ ವಾಲಗ ಮನೆಗೆ ಕೇಳುತ್ತಿತ್ತು. ಪ್ರೆಸ್ಸಿನಲ್ಲಿ ಕುಳಿತು ನಾನು ಅತ್ತುಬಿಟ್ಟೆ, ಸತ್ಯಪ್ಪನವರು ಪಾಪ ಚಹಾ ತರಿಸಿದರು.

ಆಮೇಲೆ ಏಳೂ ಹೆಸರು ಹಾಕಿರಿ ಎಂದೆ. ನಿಯಮ ಆರೇ ಇದೆ, ವಾಪಸ್ಸು ಕಳಿಸಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಕಳಿಸಲಿ, ಮತ್ತೆ ಏಳೇ ಬರೆದು ಕಳಿಸುತ್ತೇನೆ ಎಂದೆ. ಅವರು ಏಳೂ ಹೆಸರು ಟೈಪು ಮಾಡಿದರು. ಲೇಖನ ಶುಕ್ರವಾರ ಹೋಯಿತು.

ರಾಣಿಗೆ ನಾಲ್ಕು ತಿಂಗಳು ಎಂದು ಬರೆದಿದ್ದಿಯಲ್ಲ, ಈಗ ಆರಾಗಿರಬೇಕು, ಎಡಕ್ಕೆ ಹೊರಳಿ ಮಲಗಲು ಹೇಳು. ಅವಳಿಗೂ ಹೊಟ್ಟೆಯೊಳಗಿನ ಆ ಜೀವಕ್ಕೂ ಈ ಚಿಕ್ಕಮ್ಮನ ಆಶೀರ್ವಾದ. ನಿನ್ನ ಕೈಯಲ್ಲಿ ತೂಗಿಸಿಕೊಂಡು ನೂರು ವರ್ಷ ಬಾಳಲಿ. ನಿನ್ನ ಯಜಮಾನರಿಗೆ ಶರಣು ತಿಳಿಸು.

ನಿನ್ನ,
ರಾಜೇಶ್ವರಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಆ ಪಟ್ಟಿಯನ್ನು ಡಾಕ್ಟರು ಮಾಡಿರಲಿಲ್ಲ. “ದುಡದವರ ಹೆಸರ ಮದಲ ಇರ್ಲಿ, ನಂದು ಕಡೀಕ ಹಾಕ್ರಿ” ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟು ಹೋದರು. ನಾನು ನಿನ್ನ ಹೆಸರನ್ನೇ ಮೊದಲು ಬರೆದೆ. ಬರೆದು, ಒಂದು ಗಳಿಗೆ ನೋಡಿ, ಹೊಡೆದುಹಾಕಿದೆ. ಅಲ್ಲಿ ನನ್ನದನ್ನು ಬರೆದು, ನಿನ್ನದನ್ನು ಡಾಕ್ಟರ ಹೆಸರಿಗಿಂತಲೂ ಕೆಳಗೆ ಇಳಿಸಿದೆ. ಡಾಕ್ಟರು ಓದದೆ ಸಹಿ ಮಾಡಿದರು. ಆ ಮೊದಲ ಹೆಸರಿನ ಮೇಲೆಯೇ ನನಗೆ ನರ್ಸಿಂಗ್ ಶಾಲೆಯ ಈ ಕೆಲಸ ಸಿಕ್ಕಿತು. ರಾಣಿಯ ಮದುವೆಯ ದಿನ ಯಾವ ಪರೀಕ್ಷೆಯೂ ಇರಲಿಲ್ಲ, ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ. ಹೆಸರಿನ ಕ್ರಮ ತಪ್ಪಿದೆ, ತಪ್ಪಿಸಿದವಳು ನಾನು ಎಂದು ಆ ಹಳೆಯ ಪತ್ರಿಕೆಯವರಿಗೆ ಬರೆದು, ಒಂದು ನಕಲನ್ನು ನಮ್ಮ ಪ್ರಾಂಶುಪಾಲರ ಕೈಗೂ ಕೊಟ್ಟು, ಅಂಚೆಗೆ ಹಾಕಿ ಬಂದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಮೊದಲು ನಿನ್ನನ್ನು ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದಿ. ನೀನು ಬೇಡ ಅಂದಿದ್ದರೆ, ನಾನು ಖುಷಿಯಿಂದ ಸುಮ್ಮನಾಗಿಬಿಡುತ್ತಿದ್ದೆ.