ಬೇರಿಂಗ್ ಹೋಗದ ಶಾಫ್ಟ್

ಮಾರ್ಚ್ 4, ಸಂಜೆ

ಮೆಷಿನ್ ಡಿಸೈನ್ ಹಾಳೆಗಳ ಎರಡನೇ ಕಟ್ಟು. ಹನ್ನೊಂದು ಡ್ರಾಯಿಂಗ್‌ಗಳಲ್ಲಿ ಒಂದೇ ತಪ್ಪು — ಬೇರಿಂಗ್ ಬಳೆಯಂತೆ ಕೂರುವ ಜಾಗದ ಎರಡೂ ಪಕ್ಕ ಶಾಫ್ಟಿನದೇ ದಪ್ಪ ಅಂಚು. ಲೆಕ್ಕವೆಲ್ಲ ಸರಿ. ಬೇರಿಂಗ್ ಮಾತ್ರ ಯಾವ ತುದಿಯಿಂದಲೂ ಒಳಗೆ ಹೋಗದು. ಕಾಲೇಜು ವರ್ಕ್‌ಶಾಪಿನ ಫೋರ್‌ಮನ್‌ಗೆ ತೋರಿಸಿದೆ.

"ಇದಕ್ಕೆ ಬೇರಿಂಗ್ ಹಾಕ್ಬೇಕಂದ್ರೆ ಶಾಫ್ಟ್ ಹುಟ್ಟೋಕ್ ಮುಂಚೆನೇ ಹಾಕಿರ್ಬೇಕು ಮೇಡಂ."

ನಗು ಬರಲಿಲ್ಲ. ಹನ್ನೊಂದಕ್ಕೂ ಸೊನ್ನೆ. ಕಾಪಿ ಎಂದು ಎಚ್‌ಓಡಿಗೆ ಬರೆದುಕೊಟ್ಟೆ.

ಮಾರ್ಚ್ 5

ಎಚ್‌ಓಡಿಗೆ ಖುಷಿಯೋ ಖುಷಿ. "ಒಂದ್ ವರ್ಷ ಮನೇಲಿ ಕೂರ್ಲಿ ಬಿಡಿ, ತಾನಾಗೇ ಬುದ್ಧಿ ಬರುತ್ತೆ." ಸೋಮವಾರ ಶಿಸ್ತು ಸಮಿತಿಯ ಮುಂದೆ ವಿಚಾರಣೆ.

ಒಂದು ವರ್ಷ... ಒಳಗೆ ಚುರುಕ್ಕೆಂದಿತು. ಆದರೂ ಬರೆದುಕೊಟ್ಟದ್ದನ್ನು ವಾಪಸ್ ಕೇಳಲಿಲ್ಲ. ನನ್ನ ಸಿಟ್ಟು ಆ ತಪ್ಪಿನ ಮೇಲೋ, ನನ್ನ ನಡಿಗೆಯನ್ನು ಅಣಕಿಸುವ ಕೊನೇ ಬೆಂಚಿನ ಮೇಲೋ?

ಮಾರ್ಚ್ 6, ಮಧ್ಯಾಹ್ನ

ಕ್ಲಾಸಿನಲ್ಲಿ ಒಬ್ಬರೂ ಪುಸ್ತಕ ತೆಗೆಯಲಿಲ್ಲ. ಬೋರ್ಡಿನ ಮೇಲೆ ನನ್ನ ಚಿತ್ರ, ಕೈಯಲ್ಲಿ ಅಂಕ ಕತ್ತರಿಸುವ ಕತ್ತರಿ. ಒರೆಸಿದೆ. ಸೊನ್ನೆ ಬಂದ ಹನ್ನೊಂದು ಜನರಲ್ಲಿ ಒಬ್ಬಳು, ಎಲ್ಲರೂ ಲಾಯರಮ್ಮ ಎನ್ನುವವಳು, ಎದ್ದು ನಿಂತಳು.

"ನಾವು ಕಾಪಿ ಹೊಡೆದಿಲ್ಲ ಮೇಡಂ. ಡ್ರಾಯಿಂಗ್ ಹಾಲ್ ಗೋಡೆ ಮೇಲಿರೋದನ್ನ ನೋಡ್ಕೊಂಡ್ ಹಾಕಿದ್ವಿ."

"ಗೋಡೆ ಮೇಲಿರೋದೆಲ್ಲ ಸರಿ ಅಂತ ಯಾರ್ ಹೇಳಿದ್ದು?"

"ಮಾದರಿ ಅಂತ ಬರ್ದಿದೆ. ಒಂದ್ಸಲ ಹೋಗಿ ನೋಡಿ, ಆಮೇಲೆ ಬೈಯಿರಿ."

"ಹೊರಗೆ ಹೋಗು."

ಹೋದಳು. ಅವಳ ಹಿಂದೆ ಹತ್ತು ಜನ.

ಮಾರ್ಚ್ 9, ಬೆಳಿಗ್ಗೆ 10.20, ಸಮಿತಿ ಕೋಣೆಯ ಹೊರಗೆ

ಗೋಡೆ ಮೇಲಿನ ಆ ಮಾದರಿಯನ್ನು ಶನಿವಾರವೇ ನೋಡಿದೆ. ಬರೆಯಲು ಕೈ ಏಳಲಿಲ್ಲ.

ಗಾಜಿನ ಫ್ರೇಮು. ನಾನು ಕೆಲಸಕ್ಕೆ ಸೇರಿದ ವರ್ಷದ್ದು. ಬೇರಿಂಗಿನ ಎರಡೂ ಪಕ್ಕ ದಪ್ಪ ಅಂಚು. ಮೂಲೆಯಲ್ಲಿ ನನ್ನದೇ ಸಹಿ, ಸುರುಳಿ ಸುರುಳಿಯಾಗಿ. ಹದಿನಾರು ವರ್ಷ ಅದರ ಕೆಳಗೇ ನಿಂತು ಪಾಠ ಮಾಡಿದ್ದೇನೆ. ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲವೆ?

ಎಚ್‌ಓಡಿಗೆ ಫೋನ್ ಮಾಡಿದೆ. "ಇಳಿಸಿ ಬೀರು ಹಿಂದೆ ತಳ್ಳಿ, ಅಷ್ಟೇ. ಹುಡುಗರ ಮುಂದೆ ಮಾನ ಕಳ್ಕೋತೀರೇನ್ರೀ?"

ಇಳಿಸಿದೆ. ಈಗ ನನ್ನ ತೊಡೆಯ ಮೇಲಿದೆ.

ಎದುರು ಬೆಂಚುಗಳಲ್ಲಿ ಹನ್ನೊಂದು ಜನ. ಒಬ್ಬರೂ ಗುಡ್ ಮಾರ್ನಿಂಗ್ ಎನ್ನಲಿಲ್ಲ. ಲಾಯರಮ್ಮ ಫ್ರೇಮನ್ನೇ ನೋಡುತ್ತಿದ್ದಾಳೆ. ನೋಡಲಿ.

ಬಾಗಿಲು ತೆರೆಯಿತು. ಪ್ಯೂನ್ ಅವಳ ಹೆಸರು ಕೂಗುತ್ತಿದ್ದಾನೆ. ಅವಳಿಗಿಂತ ಮೊದಲು ಇದನ್ನು ಹಿಡಿದು ನಾನು ಒಳಗೆ ಹೋಗಬೇಕು. ಗಾಜು ಭಾರ... ಎದ್ದು —