ಪಾರ್ತಿನಿಯ ಕೆಮ್ಮು

ಕ್ಲಾಟೆನ್
ಜೂನ್ ೧೪, ಶನಿವಾರ

ನನ್ನ ಮುದ್ದು ಲಾರಸ್ತೀ,

ಹೇಗಿದ್ದೀಯ ಮಗಳೇ? ಸುರಬಾಯದ ಸೆಕೆಗೆ ನಿನ್ನ ತಲೆನೋವು ಮತ್ತೆ ಬಂತೋ? ಪ್ರಯೋಗಾಲಯದಲ್ಲಿ ಕೂತು ಊಟ ಮರೆಯಬೇಡ. ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ಬರೆದು, ಹೊಡೆದುಹಾಕಿದೆ.

ಹಲ್ಲುನೋವಿಗೆ ನಾವು ಅಗಿಯುವ ಹಿತ್ತಿಲ ಹಳದಿ ಹೂವನ್ನು ಒಯ್ದು, ಸೋಸಿ, ನೀನು ಬಾಯಿ ಮುಕ್ಕಳಿಸುವ ಹೊಸ ಔಷಧಿ ತಯಾರಿಸಿದೆ. "ಅದು ಕ್ರಿಮಿಗಳನ್ನು ಕೊಲ್ಲಲ್ಲ ಅಜ್ಜ, ಅವು ಹಲ್ಲಿನ ಮೇಲೆ ಲೋಳೆ ಕಟ್ಟಿ ಮನೆ ಮಾಡದ ಹಾಗೆ ತಡೆಯುತ್ತೆ, ಬಾಯಿ ಜುಮ್ಮೆನ್ನಿಸೋ ಅಂಶ ತೆಗೆದುಹಾಕಿದ್ದೀನಿ" ಅಂದಿದ್ದೆ ನೀನು. ಬೀದಿಯ ಮುದುಕಿಯರೆಲ್ಲ ಮುಕ್ಕಳಿಸಲು ಮುಂದೆ ಬಂದರು. ಬೊಚ್ಚುಬಾಯಿಯ ನನ್ನನ್ನು ಯಾರು ಕರೆದಾರು! ಅವರ ಹಲ್ಲು ಶುಭ್ರವಾದದ್ದು ನೋಡಿ ನೀನು ಕುಣಿದದ್ದು ಇನ್ನೂ ಕಣ್ಣಲ್ಲಿದೆ. ಸೋಮವಾರದಿಂದ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದವರ ಬಾಯಿಗೆ ಹಾಕುತ್ತೀರಂತೆ. ಅದಕ್ಕೇ ನನಗೆ ಭಯ.

ಬೆಳಿಗ್ಗೆ ಪಕ್ಕದ ಮನೆಯ ಪಾರ್ತಿನಿ ನಮ್ಮ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಅದು ನೆತ್ತಿಗೆ ಹತ್ತಿ, ಉಸಿರು ಕಟ್ಟಿ, ಅವಳ ತುಟಿ ನೀಲಿಯಾಯಿತು. ಬೆನ್ನು ಗುದ್ದಿ ಗುದ್ದಿ ನನ್ನ ಕೈ ಸೋತಿತು. ಉಸಿರು ಬಂದಮೇಲೆ, "ಏನಿಲ್ಲ ಬಿಡಣ್ಣ, ಮುಕ್ಕಳಿಸಿದ ಮೇಲೆ ಒಂದಷ್ಟು ಹೊತ್ತು ಗಂಟಲು ಇದೆಯೋ ಇಲ್ವೋ ಗೊತ್ತಾಗಲ್ಲ, ಎಲ್ಲರಿಗೂ ಹಂಗೇ" ಅಂದಳು. ಎಲ್ಲರಿಗೂ! "ಲಾರಸ್ತಿ ಕೇಳಿದಾಗ ಯಾಕೆ ಹೇಳಲಿಲ್ಲ" ಅಂತ ನಾನು ಕೇಳಿದರೆ, "ಅಷ್ಟು ಆಸೆಯಿಂದ ಕೇಳ್ತಿತ್ತು ಪಾಪ, ಮುಖಕ್ಕೆ ಹೊಡೆದ ಹಾಗೆ ಹೆಂಗೆ ಹೇಳೋದು? ನೀನಾಗಿದ್ರೆ ಹೇಳ್ತಿದ್ಯಾ, ದೊಡ್ಡ ಗಂಡಸು?" ಅಂತ ನನಗೇ ತಿವಿದಳು. ನಮ್ಮವರ ಸುಂಕಾನ್, ಆ ಅತಿಯಾದ ದಾಕ್ಷಿಣ್ಯ, ನಿನಗೆ ಗೊತ್ತಿಲ್ಲವೇ? ಎದುರಿನವರ ಮನಸ್ಸು ನೋಯಬಾರದೆಂದು ಕೆಂಡ ನುಂಗಿ ತಂಪಾಗಿದೆ ಅನ್ನುವ ಜನ. ನಾನೇನು ಕಮ್ಮಿ? ಆಗಲೇ ನಿನಗೆ ಫೋನ್ ಮಾಡಿ, ನಿನ್ನ ನಗು ಕೇಳಿ, ಮಳೆ ಬಿಸಿಲು ವಿಚಾರಿಸಿ ಇಟ್ಟುಬಿಟ್ಟೆ.

ಎದ್ದು ಕೂತು ಕೆಮ್ಮಬಲ್ಲ ಪಾರ್ತಿನಿಗೇ ಹೀಗಾದರೆ, ಮಗ್ಗುಲು ಹೊರಳಲಾಗದವರ ಗತಿಯೇನು? ಸೋಮವಾರ ಬೇಡ ಮಗಳೇ. ನಿಮ್ಮ ಪ್ರೊಫೆಸರಿಗೆ ಹೇಳು. ಬೈದರೆ ಬೈಸಿಕೋ. ಪಾರ್ತಿನಿಯ ಅಳಿಯ ಈಗಲೇ ಸುರಬಾಯದ ರೈಲಿಗೆ ಹೊರಟಿದ್ದಾನೆ, ಇದನ್ನು ನಿನ್ನ ಕೈಗೇ ಕೊಡುತ್ತಾನೆ.

ದೇವರು ನಿನಗೆ ಗಟ್ಟಿ ಮನಸ್ಸು ಕೊಡಲಿ.

ನಿನ್ನ ಅಜ್ಜ,
ಮಾರ್ಸುದಿ

ತಾ.ಕ.: ನಿನ್ನಜ್ಜಿಯ ಗಂಟಲೂ ಹಾಗೇ ಆಗಿದೆಯಂತೆ, ಈಗ ಬಾಯಿಬಿಟ್ಟಳು. ನೀರು ಕುಡಿಯಲೂ ಹೆದರುತ್ತಾಳೆ. ಆದರೂ ಬಚ್ಚಲಲ್ಲಿ ಮುಕ್ಕಳಿಸುತ್ತಿದ್ದಾಳೆ. ಬಾಟಲಿ ಕಿತ್ತುಕೊಳ್ಳಲು ಹೋದರೆ, "ಮಗೂಗೆ ಮಾತು ಕೊಟ್ಟಿದೀನಿ, ಮುಗಿಯೋವರೆಗೂ ಬಿಡಲ್ಲ" ಅಂತ ಎದೆಗವಚಿಕೊಂಡಳು. ನನ್ನ ಮಾತು ಕೇಳುವವಳಲ್ಲ. ಬೇಡ ಅಂತ ನೀನೇ ಹೇಳಬೇಕು. ನಿಂತ ಕಾಲಲ್ಲೇ ಫೋನ್ ಮಾಡು.