ಅಣ್ಣ ತಪ್ಪಿಸಿಕೊಂಡ ಒಂದು ಗಂಟೆ

ಭಾನುವಾರ, ರಾತ್ರಿ

ಇಂದಿನ ಸೈಕಲ್ ಸವಾರಿಗೆ ತಗಲಿದ ಖರ್ಚು: ಒಂದು ಟ್ಯೂಬು, ನನ್ನ ಎಡ ಮೊಣಕಾಲಿನ ಚರ್ಮ, ಅತ್ತಿಗೆಗೆ ಕೊಟ್ಟ ಮಾತು. "ಎದೆ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ. ಇವರನ್ನ ಕಣ್ಣಳತೆ ದಾಟೋಕೆ ಬಿಡಬೇಡಪ್ಪ" ಎಂದು ಅಣ್ಣನನ್ನು ನನಗೆ ಒಪ್ಪಿಸಿದ್ದರು.

ನಮ್ಮ ತಂಡದ ಪದ್ಧತಿಯೆಂದರೆ, ಕಾಲುದಾರಿ ಕವಲೊಡೆದಲ್ಲೆಲ್ಲ ಮುಂದಿನವನು ನಿಂತು ಹಿಂದಿನವನಿಗೆ ತಿರುವು ತೋರಿಸಬೇಕು. ನನ್ನ ಹಿಂದೆ ಅಣ್ಣನಿದ್ದ. ಕಲ್ಲುಗಣಿಯ ಹತ್ತಿರದ ಕವಲಿನಲ್ಲಿ ನಾನು ನಿಂತದ್ದೇನೋ ನಿಜ. ಆದರೆ ಅಲ್ಲೊಬ್ಬ ಜೇನು ಸಾಕುವವನು ಸಿಕ್ಕಿದ. ಪೆಟ್ಟಿಗೆಗೆ ಎಷ್ಟು ಜೇನು, ಎಷ್ಟು ಕಡಿತ ಎಂದು ವಿಚಾರಿಸುತ್ತ ದಾರಿಗೆ ಬೆನ್ನು ಹಾಕಿಬಿಟ್ಟೆ. ಅಣ್ಣ ತಿರುಗದೆ ನೇರ ಹೋಗಿಬಿಟ್ಟಿದ್ದ.

ತಂಡದಲ್ಲಿ ಉಳಿದ ಎಂಟೂ ಜನ ಒಂದು ಗಂಟೆ ಹುಡುಕಿದೆವು. ನನ್ನ ಟ್ಯೂಬು ಒಡೆದದ್ದು, ಮೊಣಕಾಲು ತರಚಿದ್ದು ಆಗಲೇ. ಹೊಲಗಳಾಚೆಯ ಪೇಟೆಯಲ್ಲಿ, ಗಡಿಯಾರ ರಿಪೇರಿಯವನ ಅಂಗಡಿಯಲ್ಲಿ, ಅಣ್ಣ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ವಾಚಿನ ಹೊಟ್ಟೆಯೊಳಗೆ ಇಣುಕುತ್ತಿದ್ದ.

"ಜೀವ ಬಾಯಿಗೆ ಬಂದಿತ್ತಲ್ಲೋ ಅಣ್ಣ! ದಾರಿ ತಪ್ಪಿತಾ?"

"ಎಲ್ಲಿ ತಪ್ಪಿತು? ನೀನು ಹರಟೆಗೆ ನಿಂತದ್ದು ನೋಡಿಕೊಂಡೇ ಜಾರಿದೆ ಕಣೋ. ಆಪರೇಷನ್ ಆದಾಗಿಂದ ಒಬ್ಬನೇ ಬಾಗಿಲವರೆಗೂ ಹೋಗೋಕೆ ಬಿಟ್ಟಿಲ್ಲ ನೀವು. ನಿಮ್ಮತ್ತಿಗೆಗೆ ಹೇಳಿದ್ಯೋ, ನೋಡು!"

ಮನೆ ಮುಟ್ಟುವವರೆಗೂ ವಾಚಿನ ಹಲ್ಲುಚಕ್ರಗಳನ್ನೇ ವರ್ಣಿಸಿದ. ಇನ್ನೂ ಏನೇನು ನೋಡಿದನೋ, ಎಲ್ಲವನ್ನೂ ಹೇಳಿಲ್ಲ.

ಅಣ್ಣನಿಗೆ ದಕ್ಕಿದ್ದು ಒಂದು ಗಂಟೆ. ಅತ್ತಿಗೆಗೆ, ರಾತ್ರಿ ಎರಡನೇ ಸಲ ಅನ್ನ ಬಡಿಸಿಕೊಂಡ ಗಂಡ. ನನಗೆ, ಅವರ ಮುಂದೆ ಬಾಯಿ ಮುಚ್ಚಿಕೊಂಡಿರುವ ಕೆಲಸ.